ಗ್ರೇಹಾಕ್ ಲೋಕದ ಹೊಸ ನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಟಗಾರರು ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಕ್ಕೆ ಐವತ್ತು ತುಂಬಿದ 2024ರ ನವೆಂಬರ್‌ನಲ್ಲಿ ಹೊರಬಂದ ಹೊಸ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕದ (ಆಟ ನಡೆಸುವವರ ಕೈಪಿಡಿ) ಜೊತೆಗೆ, ಎರಡೂ ಬದಿಯಲ್ಲಿ ಅಚ್ಚಾದ ಒಂದು ದೊಡ್ಡ ನಕ್ಷೆ ಬಂದಿದೆ. ಈ ಆಟದ ಕಥೆಗಳು ನಡೆಯುವ ಕಲ್ಪನೆಯ ಲೋಕಗಳಲ್ಲಿ ಒಂದಾದ ಗ್ರೇಹಾಕ್‌ನ ನಕ್ಷೆ ಅದು. ಅದರ ಒಂದು ಬದಿಯಲ್ಲಿ ಫ್ಲಾನೆಸ್ ಎಂಬ ಭೂಭಾಗವಿದ್ದರೆ ಇನ್ನೊಂದು ಬದಿಯಲ್ಲಿ ಗ್ರೇಹಾಕ್ ಸ್ವತಂತ್ರ ನಗರವಿದೆ. ಆಟದ ಮೇಜುಗಳ ಸುತ್ತ ಈ ನಕ್ಷೆಯ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು, ಹೊಸದಾಗಿ ಆಟ ನಡೆಸಲು ಹೊರಟ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಈ ನಕ್ಷೆಯನ್ನು ಬೇರೆಯಾಗಿ ಕೊಳ್ಳಬೇಕೇ?

ಬೇಕಿಲ್ಲ. ನಕ್ಷೆಯು ಅಚ್ಚಾದ ಪುಸ್ತಕದ ಜೊತೆಗೇ ಬರುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಪ್ರತಿಯನ್ನು ಕೊಳ್ಳುವವರು ಹಣ ಕೊಡುವ ಮೊದಲು ನಕ್ಷೆ ಪುಸ್ತಕದಲ್ಲಿಯೇ ಇದೆಯೇ, ಹಿಂದಿನವರು ಅದನ್ನು ಬಿಡಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆಯೇ ಎಂದು ತಪ್ಪದೆ ವಿಚಾರಿಸಬೇಕು. ನಕ್ಷೆಯಿಲ್ಲದ ಪ್ರತಿಯಲ್ಲಿಯೂ ಗ್ರೇಹಾಕ್ ಕುರಿತ ಅಧ್ಯಾಯ ಓದಲು ಸಿಗುತ್ತದೆ. ಆದರೂ ಮೇಜಿನ ಮೇಲೆ ಹರಡಲು ಹಾಳೆಯಿಲ್ಲದಿದ್ದರೆ ಆ ಅಧ್ಯಾಯದ ಅರ್ಧ ಸ್ವಾರಸ್ಯ ಹೋದಂತೆಯೇ ಸರಿ.

ಫ್ಲಾನೆಸ್ ಎಂದರೇನು? ಇಡೀ ಲೋಕದ ನಕ್ಷೆ ಏಕಿಲ್ಲ?

ಗ್ರೇಹಾಕ್ ಕಥೆಗಳು ನಡೆಯುವ ಲೋಕದ ಹೆಸರು ಓರ್ತ್. ಆ ಲೋಕದಲ್ಲಿ ಓರಿಕ್ ಎಂಬ ದೊಡ್ಡ ಖಂಡವಿದ್ದು, ಅದರ ಈಶಾನ್ಯ ಭಾಗವೇ ಫ್ಲಾನೆಸ್. 1980ರಿಂದ ಇಂದಿನವರೆಗೆ ಗ್ರೇಹಾಕ್ ಹೆಸರಿನಲ್ಲಿ ಬಂದ ಪುಸ್ತಕಗಳಲ್ಲಿ ಬಹುತೇಕ ಎಲ್ಲವೂ ಈ ಒಂದು ಮೂಲೆಯನ್ನೇ ಕುರಿತಿವೆ. ಖಂಡದ ಪಶ್ಚಿಮದಲ್ಲಿ ಏನಿದೆ ಎಂಬುದನ್ನು ಪ್ರಕಾಶಕರು ಹೆಚ್ಚಾಗಿ ಹೇಳಿಲ್ಲ, ಮತ್ತು ಅದನ್ನು ಕೊರತೆ ಎಂದು ಎಣಿಸಬೇಕಾಗಿಯೂ ಇಲ್ಲ. ಆಟ ನಡೆಸುವವರಿಗೆ ತಮ್ಮದೇ ರಾಜ್ಯ, ತಮ್ಮದೇ ಮರುಭೂಮಿ, ತಮ್ಮದೇ ಸಮುದ್ರವನ್ನು ಇಡಲು ಅಲ್ಲಿ ಜಾಗ ಉಳಿದಿದೆ.

1980ರ ನಕ್ಷೆಯ ಬಗ್ಗೆ ಹಳಬರು ಇಷ್ಟು ಅಭಿಮಾನದಿಂದ ಮಾತಾಡುವುದೇಕೆ?

ಗ್ರೇಹಾಕ್‌ನ ಮೊದಲ ಪುಸ್ತಕದೊಂದಿಗೆ ಬಂದ ನಕ್ಷೆ ಅದು. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಈ ಆಟದ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರು 1972ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಲ್ಲಿ ತಮ್ಮ ಮನೆಯ ಆಟಕ್ಕಾಗಿ ಗ್ರೇಹಾಕ್ ಕೋಟೆಯ ನೆಲಮಾಳಿಗೆಗಳನ್ನು ರಚಿಸಿದಾಗ, ಹೊರಗಿನ ಲೋಕಕ್ಕೆ ಪ್ರತ್ಯೇಕ ನಕ್ಷೆಯ ಅಗತ್ಯವೇ ಅವರಿಗೆ ಕಂಡಿರಲಿಲ್ಲ. ಉತ್ತರ ಅಮೆರಿಕದ ಭೂಪಟದ ಮೇಲೆಯೇ ಕಲ್ಪನೆಯ ಊರುಗಳನ್ನು ಹೊಂದಿಸಿಕೊಂಡು, ಗ್ರೇಹಾಕ್ ನಗರವನ್ನು ಶಿಕಾಗೋ ಇರುವ ಕಡೆಗೂ ಡೈವರ್ಸ್ ನಗರವನ್ನು ಮಿಲ್ವಾಕಿ ಇರುವ ಕಡೆಗೂ ಇಟ್ಟು ಅವರು ಆಡಿಸುತ್ತಿದ್ದರು. ಮುಂದೆ ಈ ಲೋಕವನ್ನು ಅಚ್ಚು ಹಾಕಿಸುವ ಮಾತು ಬಂದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಮುದ್ರಣಾಲಯದವರು ಅಚ್ಚು ಹಾಕಬಲ್ಲ ಅತಿ ದೊಡ್ಡ ಹಾಳೆ ಯಾವುದೆಂದು ಕೇಳಿದ್ದು. 22 ಇಂಚು ಅಗಲ, 34 ಇಂಚು ಉದ್ದದ ಹಾಳೆ ಎಂಬ ಉತ್ತರ ಬಂದಿತು. ಅಂಥ ಎರಡು ಹಾಳೆಗಳನ್ನು ಮುಂದಿಟ್ಟುಕೊಂಡು ಸುಮಾರು ಎರಡು ವಾರಗಳಲ್ಲಿ ಅವರು ಫ್ಲಾನೆಸ್ ಪೂರ್ತಿಯನ್ನು ಬರೆದು ಮುಗಿಸಿದರು. ಅಂದರೆ ಈ ಭೂಭಾಗದ ಮೇರೆಗಳನ್ನು ನಿರ್ಧರಿಸಿದ್ದರಲ್ಲಿ ಕಾಗದದ ಅಳತೆಯ ಪಾಲೂ ಇದೆ. ನನಗಂತೂ ಈ ಸಂಗತಿ ಅತ್ಯಂತ ಪ್ರಿಯವಾದದ್ದು.

ಆ ಕರಡನ್ನು ಇಂದು ನಾವು ಕಾಣುವ ರೂಪಕ್ಕೆ ತಂದವರು ಡಾರ್ಲೀನ್ ಎಂಬ ಒಂದೇ ಹೆಸರಿನಿಂದ ಸಹಿ ಮಾಡುತ್ತಿದ್ದ ಕಲಾವಿದೆ. ಕಂಪ್ಯೂಟರ್ ಅಕ್ಷರಗಳು ಬರುವ ಮೊದಲಿನ ಕಾಲ ಅದು. ರಾಜ್ಯಗಳ ಹೆಸರುಗಳನ್ನು ಅವರು ಕೈಯಿಂದಲೇ, ಸುಂದರಲಿಪಿಯ ಶಿಸ್ತಿನಲ್ಲಿ ಬರೆದರು. ಕಾಡು, ಬೆಟ್ಟ, ಜೌಗು, ಬಯಲುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಇಡೀ ಹಾಳೆಯ ಮೇಲೆ ಷಟ್ಕೋನಗಳ ಜಾಲವನ್ನು ಹಾಸಿದರು. ಸಾಹಸಗಳನ್ನು, ಅಂದರೆ ಆಡಿಸಲು ಸಿದ್ಧವಾದ ಕಥೆಗಳನ್ನು, ಬರೆಯುವವರು ಊರೊಂದನ್ನು ಗುರುತಿಸಲು ಷಟ್ಕೋನದ ಸಂಖ್ಯೆಯನ್ನು ಕೊಟ್ಟರೆ ಸಾಕಾಗುತ್ತಿತ್ತು. ದೂರದಿಂದ ನೋಡಿದರೆ ಚಿತ್ರದಂತೆಯೂ ಹತ್ತಿರ ಬಂದರೆ ಸಲಕರಣೆಯಂತೆಯೂ ಕೆಲಸ ಮಾಡುವ ಹಾಳೆ ಅದು. ಆ ಬಳಿಕ ಬಂದ ನಕ್ಷೆಗಳಲ್ಲಿ ಕೆಲವು ಹೆಚ್ಚು ವಿವರವಾಗಿವೆ, ಕೆಲವು ಹೆಚ್ಚು ಬಣ್ಣಬಣ್ಣವಾಗಿವೆ. ಆದರೆ ಎರಡೂ ಗುಣಗಳನ್ನು ಅಷ್ಟು ಹದವಾಗಿ ಬೆರೆಸಿದ ಇನ್ನೊಂದನ್ನು ನಾನು ಕಂಡಿಲ್ಲ.

ಮೇಲ್ತುದಿಯಲ್ಲಿ ಬ್ಲ್ಯಾಕ್‌ಮೂರ್ ಎಂಬ ಹೆಸರನ್ನೂ ಗಮನಿಸಬೇಕು. ಅದು ಆಟದ ಇನ್ನೊಬ್ಬ ಜನಕರಾದ ಡೇವ್ ಆರ್ನೆಸನ್ ಅವರ ಸ್ವಂತ ಲೋಕದ ಹೆಸರು. 1972ರ ಕೊನೆಯಲ್ಲಿ ಗೈಗ್ಯಾಕ್ಸ್ ಅವರು ಆಡಿದ ಆ ಆಟವೇ ಗ್ರೇಹಾಕ್ ಹುಟ್ಟಿಗೆ ಕಾರಣವಾಯಿತು. ಆ ಋಣದ ಗುರುತು ನಕ್ಷೆಯಲ್ಲಿ ಹಾಗೆಯೇ ಉಳಿದಿದೆ.

ಹೊಸ ನಕ್ಷೆಯು ಕಥೆಯ ಯಾವ ಕಾಲವನ್ನು ತೋರಿಸುತ್ತದೆ?

ಆ ಲೋಕದ ಎಣಿಕೆಯಲ್ಲಿ ಸಾಮಾನ್ಯ ವರ್ಷ 576. 1980ರ ಮೊದಲ ಪುಸ್ತಕವೂ 1983ರ ಪೆಟ್ಟಿಗೆಯೂ (ಪುಸ್ತಕ, ನಕ್ಷೆಗಳನ್ನು ಒಟ್ಟಿಗೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ ಕಂತೆ) ಇದೇ ವರ್ಷದಲ್ಲಿ ನಿಂತಿದ್ದವು. ಅನಂತರ 1991ರಲ್ಲಿ ಬಂದ ಗ್ರೇಹಾಕ್ ಯುದ್ಧಗಳ ಆಟವು ರಾಜ್ಯಗಳನ್ನು ಅಡಿಮೇಲು ಮಾಡಿತು. 1992ರಲ್ಲಿ ಕಾರ್ಲ್ ಸಾರ್ಜೆಂಟ್ ಅವರು ಬರೆದ ಪೆಟ್ಟಿಗೆಯು ಯುದ್ಧದ ನಂತರದ 585ನೇ ವರ್ಷಕ್ಕೆ ಕಥೆಯನ್ನು ಒಯ್ದಿತು. 1998ರಿಂದಾಚೆಗಿನ ಪುಸ್ತಕಗಳು 591ನೇ ವರ್ಷವನ್ನು ತೆಗೆದುಕೊಂಡವು. ಹೊಸ ಪುಸ್ತಕ ಇವೆಲ್ಲವನ್ನೂ ಬದಿಗಿಟ್ಟು ಮೊದಲಿನ ವರ್ಷಕ್ಕೇ ಮರಳಿದೆ.

ಯುದ್ಧಾನಂತರದ ಗ್ರೇಹಾಕನ್ನು ಪ್ರೀತಿಸುವವರಿಗೆ ಇದರಿಂದ ಬೇಸರವಾಗಿದೆ. ಹತ್ತಾರು ವರ್ಷ ಆಡಿ ಕಟ್ಟಿದ ಚರಿತ್ರೆಯನ್ನು ಯಾರೋ ಅಳಿಸಿದಂತೆ ಅವರಿಗೆ ಅನ್ನಿಸುವುದು ಸಹಜವೇ. ಆದರೂ ಹೊಸಬರ ದೃಷ್ಟಿಯಿಂದ ಈ ತೀರ್ಮಾನ ಸರಿಯೆಂದು ನಾನು ನಂಬುತ್ತೇನೆ. 576ನೇ ವರ್ಷದಲ್ಲಿ ಎಲ್ಲವೂ ಆಗಬಹುದಾದ ಸ್ಥಿತಿಯಲ್ಲಿದೆ, ಯಾವುದೂ ಇನ್ನೂ ಆಗಿಹೋಗಿಲ್ಲ. ಉತ್ತರದಲ್ಲಿ ಐಯೂಸ್ ಎಂಬ ದುಷ್ಟ ದೇವತೆ ಕುಳಿತಿದ್ದಾನೆ, ಪೂರ್ವದಲ್ಲಿ ಮಹಾಸಾಮ್ರಾಜ್ಯ ಕೊಳೆಯುತ್ತಿದೆ, ನಡುವೆ ಸಣ್ಣ ರಾಜ್ಯಗಳು ಒಂದನ್ನೊಂದು ಅನುಮಾನದಿಂದ ನೋಡುತ್ತಿವೆ. ಯುದ್ಧ ಆಗಬೇಕೇ ಬೇಡವೇ ಎಂಬುದು ನಿಮ್ಮ ಮೇಜಿನಲ್ಲಿ ತೀರ್ಮಾನವಾಗುತ್ತದೆ.

ಹಳೆಯ ಸಾಹಸಗಳನ್ನು ಹೊಸ ನಕ್ಷೆಯ ಮೇಲೆ ಆಡಿಸಬಹುದೇ?

ಆಡಿಸಬಹುದು. ಕಾಲ ಒಂದೇ ಆಗಿರುವುದರಿಂದ ಹೊಂದಾಣಿಕೆಯೂ ಸುಲಭ. 1978ರ ದೈತ್ಯರ ಸರಣಿ, 1979ರ ಹಾಮ್ಲೆಟ್ ಹಳ್ಳಿಯ ಸಾಹಸ, ಅದೇ ವರ್ಷದ ವೈಟ್ ಪ್ಲೂಮ್ ಬೆಟ್ಟ, 1981ರ ಸಾಲ್ಟ್‌ಮಾರ್ಷ್ ಬಂದರಿನ ಕಥೆ ಇವೆಲ್ಲ ಫ್ಲಾನೆಸ್‌ಗೆ ಸೇರಿದವು. ಸಾಲ್ಟ್‌ಮಾರ್ಷ್ ಸಾಹಸಗಳನ್ನು 2019ರಲ್ಲಿ ಐದನೆಯ ಆವೃತ್ತಿಯ ನಿಯಮಗಳಿಗೆ ಒಗ್ಗಿಸಿ ಮತ್ತೆ ಪ್ರಕಟಿಸಿದ್ದಾರೆ. ಹೊಸದಾಗಿ ಆರಂಭಿಸುವವರಿಗೆ ನಾನು ಸೂಚಿಸುವುದು ಅದನ್ನೇ. ಸಣ್ಣ ಊರು, ಸಮುದ್ರದ ದಂಡೆ, ಕಳ್ಳಸಾಗಣೆಯ ಗುಟ್ಟು, ಹಿನ್ನೆಲೆಯಲ್ಲಿ ಕಿಯೋಲ್ಯಾಂಡ್ ಎಂಬ ದೊಡ್ಡ ರಾಜ್ಯ: ಇಷ್ಟನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರೆ ಆಟ ಶುರುವಾಗಿಬಿಡುತ್ತದೆ.

ಒಂದು ಷಟ್ಕೋನ ನಿಜವಾಗಿ ಎಷ್ಟು ದೊಡ್ಡದು?

1980ರ ನಕ್ಷೆಯ ಒಂದು ಷಟ್ಕೋನವನ್ನು ಎದುರುಬದುರಿನ ಎರಡು ಬಾಹುಗಳ ನಡುವೆ ಅಳೆದರೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್. ಮೂಲದಲ್ಲಿ ಇದನ್ನು ಹತ್ತು ಲೀಗ್ ಎಂದೂ ಹೇಳಿದ್ದಾರೆ. ಲೀಗ್ ಎಂಬ ಅಳತೆಗೆ ನಮ್ಮಲ್ಲಿ ಹರದಾರಿ ಎಂಬ ಸೊಗಸಾದ ಮಾತಿದೆ. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆದ್ದರಿಂದ ಕನ್ನಡದಲ್ಲಿ ಆಡುವವರು ‘ಅಲ್ಲಿಗೆ ಇಲ್ಲಿಂದ ನಲವತ್ತು ಹರದಾರಿ’ ಎಂದು ಊರಿನ ಮುದುಕನ ಬಾಯಲ್ಲಿ ಹೇಳಿಸಿದರೆ ಲೆಕ್ಕವೂ ತಪ್ಪುವುದಿಲ್ಲ, ಆ ಲೋಕದ ಹಳಮೆಯೂ ಕೆಡುವುದಿಲ್ಲ.

ವಿಸ್ತೀರ್ಣದಲ್ಲಿ ಒಂದು ಷಟ್ಕೋನವು ಸುಮಾರು 780 ಚದರ ಮೈಲಿ, ಅಂದರೆ 2,000 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಂಥ ಎರಡನ್ನು ಸೇರಿಸಿದರೆ ಹೆಚ್ಚೂಕಡಿಮೆ ಇಡೀ ಕೊಡಗು ಜಿಲ್ಲೆಯಾಯಿತು. ಕೊಡಗಿನಲ್ಲಿ ಎಷ್ಟು ಹಳ್ಳಿ, ಹೊಳೆ, ಕಣಿವೆ, ಕಾಡುದಾರಿಗಳಿವೆ ಎಂದು ಒಮ್ಮೆ ನೆನೆಸಿಕೊಂಡವರು, ನಕ್ಷೆಯಲ್ಲಿ ಹಸಿರು ಬಣ್ಣದ ಎರಡು ಕೋಶಗಳನ್ನು ಕಂಡು ‘ಇಲ್ಲಿ ಏನೂ ಇಲ್ಲ’ ಎಂದು ಮತ್ತೆಂದೂ ಹೇಳಲಾರರು.

ನಡಿಗೆಯ ಲೆಕ್ಕ ಹೀಗಿದೆ. ಈಗಿನ ನಿಯಮಗಳ ಪ್ರಕಾರ ದಿನಕ್ಕೆ ಸಾಮಾನ್ಯ ವೇಗದಲ್ಲಿ 24 ಮೈಲಿ, ಅವಸರದಲ್ಲಿ 30 ಮೈಲಿ, ಎಚ್ಚರಿಕೆಯ ನಡೆಯಲ್ಲಿ 18 ಮೈಲಿ ಸಾಗಬಹುದು. ಐದು ಷಟ್ಕೋನಗಳಾಚೆ, ಅಂದರೆ 150 ಮೈಲಿ ದೂರದಲ್ಲಿರುವ ಊರಿಗೆ ಸಾಮಾನ್ಯ ವೇಗದಲ್ಲಿ ಹೊರಟ ತಂಡವು ಏಳನೆಯ ದಿನ ತಲುಪುತ್ತದೆ, ಅವಸರಪಟ್ಟರೆ ಐದನೆಯ ದಿನ, ಎಚ್ಚರಿಕೆಯಿಂದ ನಡೆದರೆ ಒಂಬತ್ತನೆಯ ದಿನ. ಬುತ್ತಿ ಎಷ್ಟು ಕಟ್ಟಬೇಕು, ಎಷ್ಟು ರಾತ್ರಿ ಕಾವಲು ಕೂರಬೇಕು, ಬೆನ್ನಟ್ಟುತ್ತಿರುವವರು ಎಲ್ಲಿ ಹಿಡಿಯಬಹುದು ಎಂಬುದೆಲ್ಲ ಈ ನಾಲ್ಕು ದಿನಗಳ ಅಂತರದಲ್ಲಿದೆ. ಹೊಸ ಹಾಳೆಯನ್ನು ಬಳಸುವವರು ಅದರ ಸ್ವಂತ ಅಳತೆಯನ್ನೇ ಅನುಸರಿಸಬೇಕು. ಎರಡು ಹಾಳೆಗಳ ದೂರಗಳನ್ನು ಒಂದೇ ಪ್ರಯಾಣದಲ್ಲಿ ಬೆರೆಸಿದರೆ ಗೊಂದಲವಾಗುತ್ತದೆ.

ಅಷ್ಟು ದೊಡ್ಡ ಕೋಶದೊಳಗಿನ ವಿವರಗಳನ್ನು ಎಲ್ಲಿಂದ ತರುವುದು?

ನೀವೇ ಬರೆಯಬೇಕು. ಆಟ ನಡೆಸುವ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಭಾಗವೂ ಇದೇ. ಒಂದು ಷಟ್ಕೋನವನ್ನು ಆರು ಮೈಲಿಯ ಸಣ್ಣ ಷಟ್ಕೋನಗಳಾಗಿ ಒಡೆಯಿರಿ. ಅಡ್ಡಕ್ಕೆ ಐದು ಬರುತ್ತವೆ, ಒಟ್ಟು ವಿಸ್ತೀರ್ಣದಲ್ಲಿ ಇಪ್ಪತ್ತೈದು. ಆರು ಮೈಲಿ ಎಂಬ ಅಳತೆ ಸುಮ್ಮನೆ ಬಂದದ್ದಲ್ಲ. 1981ರ ಎಕ್ಸ್‌ಪರ್ಟ್ ಪೆಟ್ಟಿಗೆಯ ಕಾಲದಿಂದಲೂ ಅದು ರೂಢಿಯಲ್ಲಿದೆ, ಮತ್ತು ಅದಕ್ಕೊಂದು ಅನುಕೂಲವಿದೆ. ಬಯಲಿನಲ್ಲಿ ನಿಂತ ಮನುಷ್ಯನಿಗೆ ದಿಗಂತವು ಸುಮಾರು ಮೂರು ಮೈಲಿ ದೂರದಲ್ಲಿರುತ್ತದೆ. ಆರು ಮೈಲಿಯ ಕೋಶದ ನಡುವೆ ನಿಂತವರಿಗೆ ಅದರ ಅಂಚು ಕಾಣುತ್ತದೆ, ಅದರಾಚೆಗಿನದು ಕಾಣುವುದಿಲ್ಲ. ಮುಂದಿನ ಕೋಶಕ್ಕೆ ಕಾಲಿಟ್ಟಾಗ ಮಾತ್ರ ಹೊಸ ನೋಟವೊಂದು ತೆರೆಯುತ್ತದೆ, ಆಟ ನಡೆಸುವವರು ಹೊಸದೊಂದನ್ನು ವರ್ಣಿಸಬೇಕಾಗುತ್ತದೆ.

ಇಪ್ಪತ್ತೈದನ್ನೂ ಮೊದಲೇ ತುಂಬಲು ಹೋಗಬೇಡಿ. ಒಂದು ಹಳ್ಳಿ, ಒಂದು ಪಾಳು, ಒಂದು ಅಪಾಯ, ಯಾರಿಗೂ ಕಾರಣ ತಿಳಿಯದ ಒಂದು ವಿಚಿತ್ರ ಇಷ್ಟನ್ನು ಇಟ್ಟು, ಉಳಿದದ್ದನ್ನು ಆಟಗಾರರ ದಾರಿ ನೋಡಿಕೊಂಡು ಬರೆಯುತ್ತ ಹೋದರೆ ಸಾಕು. ನಾನು ಮೊದಲ ಬಾರಿ ಫ್ಲಾನೆಸ್‌ನಲ್ಲಿ ಆಡಿಸಿದಾಗ ಒಂದು ಕಾಡಿನ ಪ್ರತಿಯೊಂದು ಕೋಶಕ್ಕೂ ಪುಟಗಟ್ಟಲೆ ಟಿಪ್ಪಣಿ ಬರೆದಿದ್ದೆ. ತಂಡದವರು ದೋಣಿ ಹತ್ತಿ ನದಿಯಲ್ಲಿ ಸಾಗಿ ಆ ಕಾಡನ್ನು ದಾಟಿಬಿಟ್ಟರು. ಅವರು ಆರಿಸಿಕೊಂಡ ದಾರಿ ಸರಿಯಾಗಿಯೇ ಇತ್ತು. ಅಂದಿನಿಂದ ಅವರು ಈಗಿರುವ ಕೋಶವನ್ನೂ ಅದರ ಸುತ್ತಲಿನ ಆರನ್ನೂ ಮಾತ್ರ ಸಿದ್ಧವಾಗಿಟ್ಟುಕೊಳ್ಳುತ್ತೇನೆ.

ಷಟ್ಕೋನವೇ ಏಕೆ? ಚೌಕ ಸಾಲದೇ?

ಚೌಕದಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ದೂರವು ನೇರ ದೂರದ ಸುಮಾರು 1.41 ಪಟ್ಟು. ಷಟ್ಕೋನದಲ್ಲಿ ಸುತ್ತಲಿನ ಆರೂ ನೆರೆಕೋಶಗಳ ಕೇಂದ್ರಗಳು ಸಮದೂರದಲ್ಲಿರುತ್ತವೆ. ಹೊರಬಯಲಿನ ಪ್ರಯಾಣಕ್ಕೆ ಇದು ಹೊಂದುತ್ತದೆ. 1974ರ ಮೂಲ ಆಟವೇ ಹೊರಗಿನ ಸಂಚಾರಕ್ಕಾಗಿ ಅವಲಾನ್ ಹಿಲ್ ಸಂಸ್ಥೆಯು 1972ರಲ್ಲಿ ಹೊರತಂದಿದ್ದ ಔಟ್‌ಡೋರ್ ಸರ್ವೈವಲ್ ಎಂಬ ಆಟದ ಷಟ್ಕೋನ ಫಲಕವನ್ನು ಬಳಸಲು ಸೂಚಿಸಿತ್ತು. ಕೋಣೆ, ಮೊಗಸಾಲೆಗಳಿರುವ ನೆಲಮಾಳಿಗೆಗಳಿಗೆ ಮಾತ್ರ ಚೌಕದ ಕಾಗದವೇ ಅನುಕೂಲ.

ನಗರದ ಬದಿಯನ್ನು ಕಾಳಗಕ್ಕೆ ಬಳಸಬಹುದೇ?

ಇಲ್ಲ. ಕಾಳಗದ ಹಾಸಿನಲ್ಲಿ ಒಂದು ಇಂಚಿನ ಚೌಕ ಐದು ಅಡಿಯನ್ನು ಸೂಚಿಸುತ್ತದೆ. ಇಡೀ ನಗರವನ್ನು ತೋರಿಸುವ ಹಾಳೆಯಲ್ಲಿ ಆ ಅಳತೆ ಸಾಧ್ಯವೇ ಇಲ್ಲ. ನಗರದ ಬದಿ ಬೀದಿ, ಕೇರಿ, ಬಾಗಿಲುಗಳ ಪರಸ್ಪರ ಸಂಬಂಧವನ್ನು ತಿಳಿಯಲು ಇದೆ. 1989ರಲ್ಲಿ ಗ್ರೇಹಾಕ್ ನಗರಕ್ಕೆಂದೇ ಬಂದಿದ್ದ ಪೆಟ್ಟಿಗೆ ಕೈಗೆ ಸಿಕ್ಕರೆ ಅದರಲ್ಲಿ ಓಣಿಗಳ ಬದುಕಿನ ಬಗ್ಗೆ ಇನ್ನೂ ಹೆಚ್ಚಿನ ವಿವರಗಳು ದೊರೆಯುತ್ತವೆ.

ಆಟಗಾರರಿಗೆ ನಕ್ಷೆಯನ್ನು ತೋರಿಸಬೇಕೇ, ಬಚ್ಚಿಡಬೇಕೇ?

ತೋರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಹಾಳೆಯಲ್ಲಿರುವುದು ಆ ಲೋಕದ ಓದುಬರಹ ಬಲ್ಲ ಯಾವ ವ್ಯಾಪಾರಿಗಾದರೂ ಗೊತ್ತಿರುವಂಥ ಸಂಗತಿ. ರಾಜ್ಯಗಳ ಹೆಸರು, ದೊಡ್ಡ ನದಿಗಳು, ಬೆಟ್ಟದ ಸಾಲುಗಳು ಗುಟ್ಟಲ್ಲ. ಅವನ್ನು ಮುಚ್ಚಿಟ್ಟರೆ ಆಟಗಾರರಿಗೆ ಆಯ್ಕೆಯೇ ಇರುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಪ್ರತಿ ಸಲವೂ ನಿಮ್ಮನ್ನೇ ಕೇಳುತ್ತಾರೆ. ನಕ್ಷೆ ಮೇಜಿನ ಮೇಲಿದ್ದರೆ ಯಾರೋ ಒಬ್ಬರು ಒಂದು ಸರೋವರದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳುತ್ತಾರೆ. ಆ ಬೆರಳು ಮುಂದಿನ ಮೂರು ತಿಂಗಳ ಆಟವನ್ನು ತೀರ್ಮಾನಿಸಿದ್ದನ್ನು ನಾನು ಕಂಡಿದ್ದೇನೆ.

ಬಚ್ಚಿಡಬೇಕಾದದ್ದು ನಿಮ್ಮ ಸ್ವಂತ ಟಿಪ್ಪಣಿಗಳ ನಕ್ಷೆಯನ್ನು. ಅದಕ್ಕೊಂದು ಸುಲಭ ಉಪಾಯವಿದೆ. ಹಾಳೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಒರೆಸಬಹುದಾದ ಶಾಯಿಯಿಂದ ತಂಡ ನಡೆದ ದಾರಿಯನ್ನು ಬರೆಯುತ್ತ ಹೋಗಿ. ಇದೇ ಆಟದ ಇನ್ನೊಂದು ಕಲ್ಪನೆಯ ಲೋಕವಾದ ಫರ್ಗಾಟನ್ ರೆಲ್ಮ್ಸ್‌ನ 1987ರ ಪೆಟ್ಟಿಗೆಯಲ್ಲಿ ಷಟ್ಕೋನಗಳನ್ನು ಅಚ್ಚು ಹಾಕಿದ ಇಂಥ ಪಾರದರ್ಶಕ ಹಾಳೆಗಳನ್ನೇ ಕೊಟ್ಟಿದ್ದರು. ನಕ್ಷೆ ಚಿತ್ರವಾಗಿ ಉಳಿಯಿತು, ಲೆಕ್ಕ ಬೇಕಾದಾಗ ಮಾತ್ರ ಜಾಲವನ್ನು ಮೇಲೆ ಹಾಸಿಕೊಂಡರಾಯಿತು.

ನಕ್ಷೆಯ ಜೊತೆಗೆ ಪಂಚಾಂಗವೂ ಬೇಕೇ?

ಬೇಕು, ದೀರ್ಘ ಪ್ರಯಾಣವಿದ್ದರೆ ಖಂಡಿತ ಬೇಕು. ಓರ್ತ್ ಲೋಕದ ವರ್ಷಕ್ಕೆ 364 ದಿನಗಳು: 28 ದಿನಗಳ ಹನ್ನೆರಡು ತಿಂಗಳು ಮತ್ತು ಏಳೇಳು ದಿನಗಳ ನಾಲ್ಕು ಹಬ್ಬದ ವಾರಗಳು. ಆಕಾಶದಲ್ಲಿ ಇಬ್ಬರು ಚಂದ್ರರು. ಲೂನಾ 28 ದಿನಗಳಿಗೊಮ್ಮೆ ತುಂಬಿದರೆ ಸೆಲೀನ್ 91 ದಿನಗಳಿಗೊಮ್ಮೆ ತುಂಬುತ್ತದೆ. ಹುಣ್ಣಿಮೆಯ ಇರುಳಿನಲ್ಲಿ ಕಣಿವೆ ದಾಟುವುದಕ್ಕೂ ಅಮಾವಾಸ್ಯೆಯಲ್ಲಿ ದಾಟುವುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ ಆಟಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಆಡುವಾಗ ಊರು-ಬೆಟ್ಟಗಳ ಹೆಸರುಗಳನ್ನು ಏನು ಮಾಡಬೇಕು?

ಎರಡು ಬಗೆಯ ಹೆಸರುಗಳಿವೆ. ಫ್ಯೂರಿಯಾಂಡಿ, ವರ್ಬೊಬಾಂಕ್, ಕಿಯೋಲ್ಯಾಂಡ್ ಮುಂತಾದವು ಕಲ್ಪನೆಯ ನುಡಿಯ ಹೆಸರುಗಳು. ಅವನ್ನು ಬಾಯಿಗೆ ಬಂದಂತೆ ಕನ್ನಡಿಸಿ ಉಚ್ಚರಿಸಿದರೆ ಸಾಕು, ಅನುವಾದ ಬೇಡ. ಇನ್ನು ಕೆಲವು ಅರ್ಥವುಳ್ಳ ಸಾಮಾನ್ಯ ಹೆಸರುಗಳು. ಅವನ್ನು ಅನುವಾದಿಸದೆ ಬಿಟ್ಟರೆ ಇಂಗ್ಲಿಷ್ ಓದುಗರಿಗೆ ಸಿಗುವ ಸೂಚನೆ ನಮ್ಮ ಆಟಗಾರರಿಗೆ ಸಿಗದೆ ಹೋಗುತ್ತದೆ. ವೈಲ್ಡ್ ಕೋಸ್ಟ್ ಎಂಬುದನ್ನು ಕಾಡುಕರಾವಳಿ ಎಂದರೆ ಅಲ್ಲಿ ಅರಸರ ಆಜ್ಞೆ ನಡೆಯುವುದಿಲ್ಲ ಎಂಬ ವಾಸನೆ ಹತ್ತುತ್ತದೆ.

ಗ್ರೇಹಾಕ್ ನಗರದ ಬಳಿಯ ಕೇರ್ನ್ ಹಿಲ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಕಾಲದ ಸಮಾಧಿಗಳಿರುವ ಕಲ್ಲುಗುಡ್ಡಗಳು ಅವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಳಿ ಶಿಲಾಸಮಾಧಿಗಳಿರುವ ಗುಡ್ಡವನ್ನು ಜನ ಮೋರ್ಯರ ಗುಡ್ಡ ಎಂದು ಕರೆಯುತ್ತಾರೆ. ನಮ್ಮ ಮೇಜಿನಲ್ಲಿ ಕೇರ್ನ್ ಹಿಲ್ಸ್‌ಗೂ ಮೋರ್ಯರ ಗುಡ್ಡಗಳು ಎಂದೇ ಹೆಸರಿಟ್ಟೆವು. ಒಳಗೆ ಏನಿರಬಹುದೆಂದು ನಾನು ವಿವರಿಸುವ ಮೊದಲೇ ಆಟಗಾರರು ಪಂಜು, ಹಗ್ಗಗಳ ಲೆಕ್ಕ ಹಾಕತೊಡಗಿದ್ದರು.

ನಗರದ ಉತ್ತರಕ್ಕಿರುವ ಮಹಾಸರೋವರದ ಹೆಸರು ನಿರ್ ಡಿವ್. ಕನ್ನಡದ ಕಿವಿಗೆ ಅದರಲ್ಲಿ ‘ನೀರು’ ಕೇಳಿಸುವುದು ಕೇವಲ ಆಕಸ್ಮಿಕ. ಆದರೂ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ನಾವು ಅದನ್ನು ಮುಟ್ಟಲಿಲ್ಲ. ಅದಕ್ಕಿರುವ ‘ಆಳ ಅರಿಯದ ಸರೋವರ’ ಎಂಬ ಅರ್ಥದ ಇನ್ನೊಂದು ಹೆಸರನ್ನು ಮಾತ್ರ ಬೆಸ್ತರ ಬಾಯಲ್ಲಿ ‘ಆಳಕಾಣದ ಕೆರೆ’ ಎಂದು ಹೇಳಿಸುತ್ತೇವೆ.

ಕನ್ನಡ ಹೆಸರುಗಳಿರುವ ನಕ್ಷೆಯನ್ನು ಮಾಡಿ ಹಂಚಬಹುದೇ?

ನಿಮ್ಮ ಮೇಜಿನ ಬಳಕೆಗೆ ಹೇಗೆ ಬೇಕಾದರೂ ಮಾಡಿಕೊಳ್ಳಿ. ಹಂಚುವ ಮಾತು ಬಂದಾಗ ಎಚ್ಚರ ಬೇಕು. ಅಚ್ಚಾದ ಹಾಳೆಯನ್ನು ಸ್ಕ್ಯಾನ್ ಮಾಡಿ ಹಂಚುವುದು ಸಲ್ಲದು, ಅದರ ಮೇಲೆ ಕನ್ನಡ ಅಕ್ಷರ ಕೂರಿಸಿದರೂ ಸಲ್ಲದು. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ಅಭಿಮಾನಿಗಳ ರಚನೆಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿದ್ದಾರೆ. ಸ್ವಂತವಾಗಿ ಬರೆದದ್ದನ್ನು, ಹಣ ಪಡೆಯದೆ, ಇದು ಅಧಿಕೃತವಲ್ಲ ಎಂಬ ಸೂಚನೆಯೊಂದಿಗೆ ಹಂಚಲು ಅದರಲ್ಲಿ ಅವಕಾಶವಿದೆ. ಹಂಚುವ ಮೊದಲು ಆ ನೀತಿಯನ್ನು ಪೂರ್ತಿಯಾಗಿ ಓದಿಕೊಳ್ಳಿ.

2023ರ ಜನವರಿಯಲ್ಲಿ ನಿಯಮಗಳ ಮೂಲ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದನ್ನು ಕೇಳಿದ ಹಲವರು ಗ್ರೇಹಾಕ್ ಕೂಡ ಮುಕ್ತವಾಗಿದೆ ಎಂದು ತಿಳಿದಿದ್ದಾರೆ. ಅದು ತಪ್ಪು. ಮುಕ್ತವಾದದ್ದು ನಿಯಮಗಳು, ಗ್ರೇಹಾಕ್ ಲೋಕವಾಗಲಿ ಅದರ ನಕ್ಷೆಯಾಗಲಿ ಅದರಲ್ಲಿ ಸೇರಿಲ್ಲ. ಹಣಕ್ಕೆ ಮಾರಬೇಕೆಂದಿದ್ದರೆ ನಿಮ್ಮದೇ ಖಂಡವನ್ನು ಬರೆಯಿರಿ.

ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಲು ಯಾವ ಅಳತೆ ಸರಿ?

ನೀವೇ ಬರೆದ ನಕ್ಷೆಯಾದರೆ ಎ1 ಅಳತೆಯನ್ನು ಇಟ್ಟುಕೊಳ್ಳಿ. ಪ್ಲಾಟರ್ ಇರುವ ಝೆರಾಕ್ಸ್ ಅಂಗಡಿಗಳಲ್ಲಿ ಅದು ಸುಲಭವಾಗಿ ಆಗುತ್ತದೆ. ಎ1 ಹಾಳೆ 23.4 ಇಂಚು ಅಗಲ, 33.1 ಇಂಚು ಉದ್ದವಿರುತ್ತದೆ. 22×34 ಇಂಚಿನ ಅಮೆರಿಕದ ಅಳತೆಯಲ್ಲಿ ಬರೆದರೆ ಉದ್ದದಲ್ಲಿ ಸುಮಾರು ಒಂದು ಇಂಚು ಹೊರಗೆ ಉಳಿಯುತ್ತದೆ, ಅಥವಾ ಅಂಗಡಿಯವರು ಕುಗ್ಗಿಸಿ ಅಚ್ಚು ಹಾಕುತ್ತಾರೆ. ಕುಗ್ಗಿಸಿದರೆ ನಿಮ್ಮ ಅಳತೆಗೋಲು ತಪ್ಪುತ್ತದೆ. ಅದಕ್ಕೇ ‘ಒಂದು ಇಂಚಿಗೆ ಇಷ್ಟು ಮೈಲಿ’ ಎಂದು ಅಕ್ಷರದಲ್ಲಿ ಬರೆಯುವ ಬದಲು ನಕ್ಷೆಯ ಮೂಲೆಯಲ್ಲಿಯೇ ಅಳತೆಯ ಪಟ್ಟಿಯನ್ನು ಚಿತ್ರಿಸಿರಿ. ಹಾಳೆ ಕುಗ್ಗಿದರೆ ಪಟ್ಟಿಯೂ ಅಷ್ಟೇ ಕುಗ್ಗುತ್ತದೆ.

ಮಡಿಕೆಯಲ್ಲಿ ಹರಿಯತೊಡಗಿದ ಹಳೆಯ ನಕ್ಷೆಯನ್ನು ಉಳಿಸಿಕೊಳ್ಳುವುದು ಹೇಗೆ?

ಸಾಮಾನ್ಯ ಅಂಟುಪಟ್ಟಿಯನ್ನು ಎಂದಿಗೂ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಅದು ಹಳದಿಗಟ್ಟಿ, ಅಂಟು ಕಾಗದದೊಳಗೆ ಇಳಿದು ಬಣ್ಣವನ್ನು ಕೆಡಿಸುತ್ತದೆ. ಕಾಗದ ದುರಸ್ತಿಗೆಂದೇ ಸಿಗುವ ಆಮ್ಲರಹಿತ ತೆಳು ಪಟ್ಟಿಯನ್ನು ಹಿಂಬದಿಯಿಂದ ಅಂಟಿಸಿ. ಹೊಸ ನಕ್ಷೆಗೆ ಹಿಂಬದಿ ಎಂಬುದೇ ಇಲ್ಲವಾದ್ದರಿಂದ ಅದನ್ನು ಮೊದಲ ದಿನದಿಂದಲೇ ಮಡಿಸದೆ, ಅಗಲವಾದ ಕೊಳವೆಯಲ್ಲಿ ಸುರುಳಿ ಸುತ್ತಿ, ತೇವ ತಾಗದ ಕಡೆ ಇಡುವುದು ಒಳ್ಳೆಯದು. ಆಟದ ದಿನ ಒಂದು ಗಂಟೆ ಮೊದಲೇ ಬಿಡಿಸಿ, ನಾಲ್ಕು ಮೂಲೆಗಳಿಗೂ ಪುಸ್ತಕಗಳನ್ನು ಹೇರಿಟ್ಟರೆ ಎಲ್ಲರೂ ಬಂದು ಕೂರುವ ಹೊತ್ತಿಗೆ ಅದು ಮೇಜಿಗೆ ಅಂಟಿದಂತೆ ಮಲಗಿರುತ್ತದೆ.